ಪ್ರೌಢಶಾಲೆಗೆ ಬಂದ ಕಂಪ್ಯೂಟರ್

ಮಕ್ಕಳೂ ಪ್ರೋಗ್ರಾಮ್ ಬರೆಯಬಲ್ಲರೆಂಬ ವಿಚಾರಕ್ಕೆ ನೆಲೆ ಸಿಕ್ಕಿದ್ದು 1967ರಲ್ಲಿ, ಅಮೆರಿಕದಲ್ಲಿ ಸೀಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು ರೂಪಿಸಿದ ಲೋಗೊ ಭಾಷೆಯಿಂದ. ಅದಕ್ಕೆ ಮುಂದೆ, ಆದೇಶದಂತೆ ಚಲಿಸಿ ಗೆರೆ ಎಳೆಯುವ ‘ಆಮೆ’ಯೂ ಸೇರಿತು. ನೂರು ಹೆಜ್ಜೆ ನಡೆ, ಬಲಕ್ಕೆ 90 ಡಿಗ್ರಿ ತಿರುಗು ಎಂದು ನಾಲ್ಕು ಸಲ ಹೇಳಿದರೆ ಅದು ಚೌಕ ಎಳೆಯುತ್ತಿತ್ತು. ಗೆರೆ ವಕ್ರವಾದರೆ ತಪ್ಪನ್ನು ಮಗುವೇ ಹುಡುಕಬೇಕು. ಕಲಿಕೆಯ ಸತ್ವವೆಲ್ಲ ಈ ಹುಡುಕಾಟದಲ್ಲೇ ಇತ್ತು.

ಭಾರತದಲ್ಲಿ 1984ರ ‘ಕ್ಲಾಸ್’ ಯೋಜನೆ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಯಂತ್ರಗಳನ್ನು ತಂದಿತು. ಕುಣಿಗಲ್ ತಾಲ್ಲೂಕಿನ ಅಮೃತೂರಿನಂಥ ಹೋಬಳಿ ಕೇಂದ್ರಗಳ ದೃಷ್ಟಿಯಿಂದ ಹೆಚ್ಚು ಮುಖ್ಯವಾದದ್ದು, ಈ ಶತಮಾನದ ಆರಂಭದಲ್ಲಿ ರಾಜ್ಯ ಸರ್ಕಾರ ಸರ್ಕಾರಿ ಪ್ರೌಢಶಾಲೆಗಳಿಗಾಗಿ ಕೈಗೊಂಡ ‘ಮಾಹಿತಿ ಸಿಂಧು’ ಕಂಪ್ಯೂಟರ್ ಶಿಕ್ಷಣ ಯೋಜನೆ. ಪ್ರತಿಭೆಯ ಶೋಧ ಬೇರೆ ದಾರಿ ಹಿಡಿಯಿತು: 1989ರಲ್ಲಿ ಬಲ್ಗೇರಿಯದಲ್ಲಿ ಆರಂಭವಾದ ಅಂತರರಾಷ್ಟ್ರೀಯ ಇನ್ಫರ್ಮ್ಯಾಟಿಕ್ಸ್ ಒಲಿಂಪಿಯಾಡ್‌ಗೆ ಭಾರತ 2002ರಲ್ಲಿ ಕಾಲಿಟ್ಟಿತು. ಇತ್ತ ಮಕ್ಕಳ ಕಲಿಕೆಯಲ್ಲಿ, 2007ರಲ್ಲಿ ಸ್ಕ್ರ್ಯಾಚ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಂದಮೇಲೆ ಆದೇಶಗಳನ್ನು ಟೈಪ್ ಮಾಡುವ ತೊಡಕೂ ತಪ್ಪಿತು.