ಸೂತಕದ ಮನೆಯಿಂದ ಹೊರಟ ದಸರಾ

ದಸರಾ ರಜೆ ಸಿಕ್ಕಿದ್ದೇ ತಡ, ಬೆಂಗಳೂರಿನ ಅರ್ಧ ಐಟಿ ಮಂದಿ ಮೈಸೂರಿನ ಕಡೆ ಕಾರು ತಿರುಗಿಸ್ತಾರೆ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆ ಆದಮೇಲಂತೂ ಶ್ರೀರಂಗಪಟ್ಟಣವನ್ನು ಬೈಪಾಸಿನಲ್ಲೇ ದಾಟಿಬಿಡಬಹುದು. ಒಡೆಯರ ದಸರಾ ಹುಟ್ಟಿದ್ದು ಮಾತ್ರ ಹಾಗೆ ದಾಟಿಹೋಗುವ ಆ ಊರಿನಲ್ಲೇ, ಕಾವೇರಿ ಸುತ್ತುವರಿದ ದ್ವೀಪದಲ್ಲಿ.

ಮೂಲ ಅದಕ್ಕೂ ಹಿಂದಿನದು. ವಿಜಯನಗರದಲ್ಲಿ ಮಹಾನವಮಿ ಅಂದರೆ ಕುಸ್ತಿ, ಕುಣಿತ, ಬಾಣಬಿರುಸು. ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಇದನ್ನೆಲ್ಲ ನೋಡಿ ಬರೆದಿಟ್ಟಿದ್ದಾನೆ. 1565ರ ತಾಳಿಕೋಟೆ ಯುದ್ಧದಿಂದ ಹಂಪಿ ಹಾಳಾಯಿತು. 1610ರಲ್ಲಿ ರಾಜ ಒಡೆಯರು ವಿಜಯನಗರದ ಪ್ರತಿನಿಧಿ ತಿರುಮಲನಿಂದ ಶ್ರೀರಂಗಪಟ್ಟಣ ವಶಪಡಿಸಿಕೊಂಡರು. ಅದೇ ವರ್ಷ ಅಲ್ಲಿ ನವರಾತ್ರಿಗೆ ಸಿದ್ಧತೆ ನಡೆಯಿತು.

ಹಬ್ಬ ಶುರುವಾಗುವುದಕ್ಕೆ ಒಂದು ದಿನ ಮೊದಲು ರಾಜ ಒಡೆಯರ ಮಗ ತೀರಿಕೊಂಡ ಎನ್ನುತ್ತದೆ ಅರಮನೆಯ ಚರಿತ್ರೆ. ಅರಮನೆಗೆ ಸೂತಕ. ಹಬ್ಬ ನಿಲ್ಲಿಸಿದ್ದರೆ ಯಾರೂ ತಪ್ಪು ಅನ್ನುತ್ತಿರಲಿಲ್ಲ. ಆದರೆ ಅರಮನೆಯಲ್ಲಿ ಸಾವಾದರೂ ನವರಾತ್ರಿ ನಿಲ್ಲಬಾರದು ಅಂತ ಅರಸರು ಕಟ್ಟಳೆ ಮಾಡಿ, ಹಬ್ಬ ನಡೆಸಿದರು.

ಇದನ್ನು ಓದಿದಾಗ ನನಗೆ ಕೆ.ಆರ್.ಪೇಟೆ ಕಡೆಯ ನಮ್ಮೂರು ನೆನಪಾಯಿತು. ನಮ್ಮಲ್ಲಿ ಮಹಾನವಮಿ ಜನರ ಬಾಯಲ್ಲಿ ಸವೆದು 'ಮಾರ್ಲಮಿ' ಆಗಿದೆ. ಪಕ್ಷದಲ್ಲಿ ಹಿರಿಯರಿಗೆ ಎಡೆ ಇಕ್ಕಿ, ಅದರ ಬೆನ್ನಿಗೇ ಆಯುಧಪೂಜೆ. ನಾನು ಹೈಸ್ಕೂಲಿನಲ್ಲಿದ್ದಾಗ ತಾತ ತೀರಿಕೊಂಡಿದ್ದು ಭಾದ್ರಪದದಲ್ಲಿ. ವರ್ಷ ತುಂಬೋವರೆಗೂ ಹಬ್ಬ ಇಲ್ಲ ಅಂದರು ಅಪ್ಪ. ಆಯುಧಪೂಜೆ ದಿನ ಬೀದಿಯಲ್ಲೆಲ್ಲ ಬೂದುಗುಂಬಳ ಒಡೆಯೋ ಸದ್ದು, ನಾವು ಮಕ್ಕಳು ಜಗುಲಿ ಮೇಲೆ ಸಪ್ಪೆ ಮುಖ ಹಾಕಿ ಕೂತಿದ್ದೆವು. ಅಜ್ಜಿ ಒಳಗಿಂದ ಬಂದು ಅಪ್ಪನಿಗೆ ಒಂದೇ ಮಾತು ಹೇಳಿತು: "ನೇಗಿಲಿಗ್ಯಾವ ಸೂತ್ಕ ಕಣ್ಲಾ? ನಾಳೀಕೆ ಅದು ಹೊಲಕ್ಕೆ ಹೋಗಾಕಿಲ್ವಾ?" ಅಪ್ಪ ಸುಮ್ಮನೆ ಎದ್ದು ನೇಗಿಲು, ಮಚ್ಚು, ಕುಡುಗೋಲು ತೊಳೆದಿಟ್ಟರು. ಒಬ್ಬಟ್ಟು ಮಾಡಲಿಲ್ಲ, ಹೊಸ ಬಟ್ಟೆ ಇರಲಿಲ್ಲ. ಪೂಜೆ ಮಾತ್ರ ಆಯಿತು.

ದಸರಾ ಉಳಿದು ಬಂದಿರುವುದೂ ಹೀಗೇ, ಪ್ರತಿ ಸಲ ಏನೋ ಒಂದನ್ನು ಕಳೆದುಕೊಂಡು. ಹೈದರಾಲಿ ಕಾಲದಲ್ಲಿ ಅಧಿಕಾರ ಅರಸರ ಕೈಯಲ್ಲಿರಲಿಲ್ಲ; ಆದರೂ ದಸರಾದಲ್ಲಿ ಅವರನ್ನು ಕೂರಿಸಿ ಜನರಿಗೆ ತೋರಿಸುತ್ತಿದ್ದರು. 1799ರಲ್ಲಿ ಟಿಪ್ಪು ಮಡಿದ ಮೇಲೆ ರಾಜಧಾನಿ ಮೈಸೂರಿಗೆ ಹೋಯಿತು, ಹಬ್ಬವೂ ಹಿಂದೆಯೇ ಹೋಯಿತು. ಆಗ ಪಟ್ಟಕ್ಕೆ ಬಂದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಬರೀ ಐದು ವರ್ಷ. 2013ರ ಡಿಸೆಂಬರಿನಲ್ಲಿ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ತೀರಿಕೊಂಡರು. ಮುಂದಿನ ದಸರಾದಲ್ಲಿ ಸಿಂಹಾಸನದ ಮೇಲೆ ಕೂರಲು ಯಾರೂ ಇರಲಿಲ್ಲ. ಪಟ್ಟದ ಕತ್ತಿ ಇಟ್ಟು ದರ್ಬಾರು ನಡೆಸಿದರು.

ಶ್ರೀರಂಗಪಟ್ಟಣದಲ್ಲೂ ಈಗ ಮತ್ತೆ ದಸರಾ ನಡೆಯುತ್ತೆ. ಕಿರಂಗೂರಿನ ಬನ್ನಿಮಂಟಪದಿಂದ ಜಂಬೂಸವಾರಿ ಹೊರಡುತ್ತೆ. ಪಾಂಡವಪುರ, ನಾಗಮಂಗಲ ಕಡೆಯವರಿಗೆ ಆನೆ ನೋಡಲು ಮೈಸೂರಿನ ನೂಕುನುಗ್ಗಲೇ ಬೇಕೆಂದಿಲ್ಲ. ಗೊಂಬೆ ಕೂರಿಸುವ ಮನೆಗಳಲ್ಲಿ ಮಕ್ಕಳಿಗೆ ಚರುಪಿನ ಆಸೆ.

ನಿಮ್ಮ ಮನೆಯಲ್ಲೂ ಈ ವರ್ಷ ಯಾರಾದರೂ ಇಲ್ಲವಾಗಿರಬಹುದು. ಒಂಬತ್ತು ಮೆಟ್ಟಿಲು ಕಟ್ಟಲು ಮನಸ್ಸಾಗದಿದ್ದರೆ ಬೇಡ. ಪಟ್ಟದ ಗೊಂಬೆ ಜೋಡಿಯೊಂದನ್ನೇ ಮಣೆ ಮೇಲಿಟ್ಟು, ಪಕ್ಕದ ಮನೆ ಮಕ್ಕಳ ಕೈಗೆ ಒಂದಿಷ್ಟು ಚರುಪು ಹಾಕಿ. ಹಬ್ಬಕ್ಕೆ ಅಷ್ಟು ಸಾಕು.