ತೊಗಲಿನ ಏಪ್ರನ್ ಕಟ್ಟಿದವನೇ ಕೊಲೆಗಾರನೆ?

1888ನೇ ಇಸವಿ. ಸೂರ್ಯ ಮುಳುಗದ ಸಾಮ್ರಾಜ್ಯ ಅಂತ ಬೀಗುತ್ತಿದ್ದವರ ರಾಜಧಾನಿ ಲಂಡನ್. ಅದರ ಪೂರ್ವಕ್ಕಿದ್ದ ವೈಟ್‌ಚಾಪೆಲ್ ಎಂಬ ಬಡವರ ಕೇರಿಯಲ್ಲೂ ಅದರ ಆಸುಪಾಸಿನಲ್ಲೂ ಆಗಸ್ಟ್ 31ರಿಂದ ನವೆಂಬರ್ 9ರೊಳಗೆ ಐವರು ಹೆಂಗಸರನ್ನು ಕತ್ತು ಕೊಯ್ದು ಕೊಂದರು. ಮೇರಿ ಆನ್ ನಿಕೋಲ್ಸ್, ಆನಿ ಚಾಪ್‌ಮನ್, ಎಲಿಜಬೆತ್ ಸ್ಟ್ರೈಡ್, ಕ್ಯಾಥರಿನ್ ಎಡೋಸ್, ಮೇರಿ ಜೇನ್ ಕೆಲಿ. ಈ ಹೆಸರುಗಳು ಎಷ್ಟು ಜನಕ್ಕೆ ಗೊತ್ತು? ಕೊಂದವನಿಗೆ ಅಂಟಿದ ‘ಜಾಕ್ ದಿ ರಿಪ್ಪರ್’ ಎಂಬ ಹೆಸರು ಮಾತ್ರ ಲೋಕಕ್ಕೆಲ್ಲ ಗೊತ್ತು. ಅವನು ಯಾರೆಂದು ಇವತ್ತಿಗೂ ಪತ್ತೆಯಾಗಿಲ್ಲ.

ನಾವು ಈ ಹಳೇ ಕಡತ ಬಿಚ್ಚುತ್ತಿರುವುದು ಪತ್ತೇದಾರಿ ಕತೆ ಹೇಳಲಿಕ್ಕಲ್ಲ. ಕೊಲೆಯಾದಾಗ ಅನುಮಾನದ ಬೆರಳು ಮೊದಲು ಯಾರ ಮನೆ ಕಡೆ ತಿರುಗುತ್ತದೆ, ಯಾರನ್ನು ದಾಟಿಕೊಂಡು ಹೋಗುತ್ತದೆ? ನಮಗೆ ಬೇಕಾದದ್ದು ಈ ಪ್ರಶ್ನೆ.

ಮೊದಲು ಸಿಕ್ಕಿದವನು ಜಾನ್ ಪೈಜರ್. ಜೋಡು ಹೊಲಿಯುವ ಯಹೂದಿ. ‘ತೊಗಲಿನ ಏಪ್ರನ್’ ಎಂಬ ಅಡ್ಡಹೆಸರಿನವನೊಬ್ಬ ಹೆಂಗಸರನ್ನು ಹೆದರಿಸುತ್ತಾನೆ ಎಂಬ ಗಾಳಿಸುದ್ದಿಯನ್ನು ಪತ್ರಿಕೆಗಳು ಊದಿ ದೊಡ್ಡದು ಮಾಡಿದವು. ಆನಿ ಚಾಪ್‌ಮನ್ ಹೆಣ ಬಿದ್ದಿದ್ದ ಹಿತ್ತಲಲ್ಲಿ ಒಂದು ತೊಗಲಿನ ಏಪ್ರನ್ ಸಿಕ್ಕಿತು. ಇನ್ನೇನು ಬೇಕು? ಸೆಪ್ಟೆಂಬರ್ 10ರಂದು ಪೈಜರನನ್ನು ಹಿಡಿದರು. ಮನೆಯಲ್ಲಿ ಚೂರಿಗಳು ಸಿಕ್ಕವು. ತೊಗಲು ಕೊಯ್ಯುವವನ ಮನೆಯಲ್ಲಿ ಚೂರಿ ಇರದೆ ವೀಣೆ ಇರುತ್ತದೆಯೆ? ಆಮೇಲೆ ತಿಳಿದದ್ದೇನು? ಆ ಏಪ್ರನ್ ಅದೇ ಮನೆಯಲ್ಲಿದ್ದ ಮುದುಕಿಯ ಮಗನದು, ತೊಳೆದು ಹಾಕಿದ್ದು. ಮೇರಿ ನಿಕೋಲ್ಸ್ ಸತ್ತ ರಾತ್ರಿ ಪೈಜರ್ ದೂರದ ಬಡಾವಣೆಯಲ್ಲಿ ಪೊಲೀಸನೊಬ್ಬನ ಜೊತೆಯೇ ಮಾತಾಡಿದ್ದ. ಬಿಟ್ಟರು. ಆದರೆ ಅದಕ್ಕೆ ಮೊದಲು ಜನ ಕಂಡಲ್ಲಿ ಸಿಗಿದುಹಾಕುತ್ತಾರೆಂದು ಅವನು ಮನೆಯೊಳಗೆ ಅಡಗಿ ಕೂತಿದ್ದ.

ಅದೇ ಅಕ್ಟೋಬರಿನಲ್ಲಿ ತನಿಖೆಯ ಹೊಣೆ ಹೊತ್ತಿದ್ದ ಇನ್‌ಸ್ಪೆಕ್ಟರ್ ಸ್ವಾನ್ಸನ್ ಬರೆದ ವರದಿ ನೋಡಿ. 76 ಕಟುಕರನ್ನೂ ಕಸಾಯಿಖಾನೆಗಳನ್ನೂ ಜಾಲಾಡಿದರು. ಬಾಡಿಗೆ ಛತ್ರಗಳಲ್ಲಿ ಮಲಗುವ ಸುಮಾರು 2,000 ಜನರನ್ನು ವಿಚಾರಿಸಿದರು. ಹಡಗಿನ ಕೂಲಿಗಳು, ಜಿಪ್ಸಿಗಳು, ಲಂಡನ್ನಿನಲ್ಲಿದ್ದ ಏಷ್ಯಾದವರು, ಯಾರನ್ನೂ ಬಿಡಲಿಲ್ಲ. ಕೈಯಲ್ಲಿ ಚೂರಿ ಹಿಡಿದು ದುಡಿಯುವವನು, ಬೇರೆ ದೇವರಿನವನು, ಬೇರೆ ಮೈಬಣ್ಣದವನು: ಇದು ಆ ಪಟ್ಟಿ.

ದಾಟಿಹೋದವರು ಯಾರು? ಚಾರ್ಲ್ಸ್ ಕ್ರಾಸ್ ಎಂಬ ಗಾಡಿ ಹೊಡೆಯುವವನು. ಬೆಳಗಿನ ಜಾವ ಮೇರಿ ನಿಕೋಲ್ಸ್ ಹೆಣದ ಹತ್ತಿರ ಒಬ್ಬನೇ ನಿಂತಿದ್ದನ್ನು ಮತ್ತೊಬ್ಬ ಕೂಲಿಗಾರ ನೋಡಿದ. ಅವನ ಮನೆತನದ ಹೆಸರು ಲೆಚ್‌ಮಿಯರ್. ವಿಚಾರಣೆಯಲ್ಲಿ ಹೇಳಿದ್ದು ಮಲತಂದೆಯ ಹೆಸರು. ಅವನನ್ನು ಸಾಕ್ಷಿ ಅಂತ ಕರೆದರು, ಕಳಿಸಿದರು.

ಜಾರ್ಜ್ ಹಚಿನ್‌ಸನ್ ಇನ್ನೊಬ್ಬ. ಮೇರಿ ಕೆಲಿ ಸತ್ತ ರಾತ್ರಿ ಮುಕ್ಕಾಲು ಗಂಟೆ ಅವಳ ವಠಾರದ ಎದುರು ಕಾಯುತ್ತ ನಿಂತಿದ್ದೆ ಅಂತ ತಾನೇ ಹೇಳಿದ. ಹೇಳಿದ್ದು ಮೂರು ದಿನ ಬಿಟ್ಟು. ಅವಳ ಜೊತೆ ಹೋದವನು ಚಿನ್ನದ ಸರಪಳಿಯ, ಯಹೂದಿ ಮುಖದವನು ಅಂತಲೂ ಹೇಳಿದ. ಇನ್‌ಸ್ಪೆಕ್ಟರ್ ಆಬರ್ಲೈನ್ ನಂಬಿದ.

ಜೇಮ್ಸ್ ಕೆಲಿ 1883ರಲ್ಲಿ ಹೆಂಡತಿಯ ಕತ್ತಿಗೆ ಚೂರಿ ಹಾಕಿ ಕೊಂದವನು. 1888ರ ಜನವರಿಯಲ್ಲಿ ಬ್ರಾಡ್‌ಮೂರ್ ಹುಚ್ಚಾಸ್ಪತ್ರೆಯಿಂದ ಓಡಿಹೋದ. 1927ರಲ್ಲಿ ತಾನಾಗೇ ಮರಳಿದ. 1894ರಲ್ಲಿ ಪೊಲೀಸ್ ಅಧಿಕಾರಿ ಮ್ಯಾಕ್‌ನಾಟನ್ ಬರೆದ ಮೂವರ ಪಟ್ಟಿಯಲ್ಲಿ ಅವನಿಲ್ಲ. ಒಬ್ಬ ಪೋಲಿಷ್ ಯಹೂದಿ ಇದ್ದಾನೆ, ಒಬ್ಬ ರಷ್ಯನ್ ಇದ್ದಾನೆ. ಆ ರಷ್ಯನ್ ಕೊಲೆಗಳ ಕಾಲಕ್ಕೆ ಫ್ರಾನ್ಸಿನ ಜೈಲಿನಲ್ಲಿದ್ದ ಎಂಬುದು ಬಹುಕಾಲದ ಮೇಲೆ ಬಯಲಾಯ್ತು.

ಹಾಗಂತ ಇವರೇ ಕೊಂದರು ಅಂತ ನಾವು ಹೇಳುತ್ತಿಲ್ಲ. ಹೆಣ ಕಂಡವನೆಲ್ಲ ಕೊಲೆಗಾರನಲ್ಲ. ಪುರಾವೆ ಇಲ್ಲದೆ ಇನ್ನೊಬ್ಬ ಪೈಜರನನ್ನು ಮಾಡುವ ಹಕ್ಕು ನಮಗೂ ಇಲ್ಲ. ಆದರೆ ಕೊಲೆಗಾರ ಹೊರಗಿನವನೇ ಆಗಿರಬೇಕು ಅಂತ ಮೊದಲೇ ತೀರ್ಮಾನಿಸಿದ ಕಣ್ಣು ಎದುರಿಗೆ ನಿಂತವನನ್ನು ಹೇಗೆ ನೋಡೀತು?

ಯಾರೂ ಕಟಕಟೆ ಹತ್ತಿಸದ ಇನ್ನೊಂದು ಆರೋಪಿ ಇದೆ. ಆ ರಾತ್ರಿ ಮೇರಿ ನಿಕೋಲ್ಸ್‌ಳನ್ನು ಛತ್ರದಿಂದ ಆಚೆ ಹಾಕಿದ್ದು ಹಾಸಿಗೆಯ ನಾಲ್ಕು ಪೆನ್ನಿ ಬಾಡಿಗೆ ಇಲ್ಲವೆಂದು. ಆನಿ ಚಾಪ್‌ಮನ್ ಬೀದಿಗೆ ಬಿದ್ದದ್ದೂ ಅದೇ ಕಾರಣಕ್ಕೆ. ಸತ್ತ ಮೇಲೆ ಇವರಿಗೆ ‘ಸೂಳೆಯರು’ ಅಂತ ಹಣೆಪಟ್ಟಿ. ನಿಕೋಲ್ಸ್, ಚಾಪ್‌ಮನ್, ಎಡೋಸ್ ವಿಷಯದಲ್ಲಿ ಅದಕ್ಕೆ ಪುರಾವೆಯೇ ಇಲ್ಲವೆಂದು ಇತಿಹಾಸಕಾರ್ತಿ ಹ್ಯಾಲಿ ರೂಬೆನ್‌ಹೋಲ್ಡ್ ವಾದಿಸಿದ್ದು 2019ರಲ್ಲಿ, 131 ವರ್ಷದ ಮೇಲೆ. ಛತ್ರದ ಯಜಮಾನರನ್ನು, ಆ ಬಾಡಿಗೆ ತಿಂದವರನ್ನು ಯಾವ ಪೊಲೀಸ್ ಕೇಳಿದ?

ಆ ಕಣ್ಣನ್ನು ನಾವು ಬಲ್ಲೆವು ಗೆಳೆಯರೆ. ಅದೇ ಬ್ರಿಟಿಷ್ ಆಳ್ವಿಕೆ 1871ರಲ್ಲಿ ಭಾರತದಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ತಂದು, ತೊಟ್ಟಿಲಲ್ಲಿದ್ದ ಕೂಸನ್ನೂ ಹುಟ್ಟುಗಳ್ಳ ಅಂತ ಬರೆಯಿತು. ಆ ಕಾಯ್ದೆ 1952ರಲ್ಲಿ ಹೋಯಿತು. ಠಾಣೆಯ ಕಣ್ಣು ಹೋಗಿದೆಯೆ? ಊರಲ್ಲಿ ಕಳವಾದರೆ ಜೀಪು ಮೊದಲು ನಿಲ್ಲುವುದು ಎಲ್ಲಿ ಅಂತ ಪಾಠ ಹೇಳುವ ಮೇಷ್ಟ್ರುಗಳು ಮಕ್ಕಳನ್ನೇ ಕೇಳಲಿ. ಮಕ್ಕಳಿಗೆ ಉತ್ತರ ಗೊತ್ತಿದೆ.