ಗೆರೆ ಎಳೆಯದ ಪ್ರಾತಿನಿಧ್ಯ: ಲಾನಿ ಗ್ವಿನೀರ್ ಅವರ ಮತಾಧಿಕಾರ ಚಿಂತನೆ

ಮತ ಹಾಕುವ ಹಕ್ಕು ದೊರೆತ ಮೇಲೂ ಪ್ರತಿ ಚುನಾವಣೆಯಲ್ಲಿ ಸೋಲುತ್ತಲೇ ಇರುವ ಅಲ್ಪಸಂಖ್ಯಾತರಿಗೆ ಆ ಹಕ್ಕಿನಿಂದ ದಕ್ಕುವುದೇನು ಎಂಬುದು ಅಮೆರಿಕದ ಕಾನೂನು ವಿದ್ವಾಂಸೆ ಲಾನಿ ಗ್ವಿನೀರ್ (1950–2022) ಅವರ ಬರಹಗಳ ಮೂಲ ಪ್ರಶ್ನೆ. 1965ರ ಮತದಾನದ ಹಕ್ಕುಗಳ ಕಾಯ್ದೆಯಿಂದ ದಕ್ಷಿಣದ ರಾಜ್ಯಗಳ ಕಪ್ಪು ಜನರು ಮತಗಟ್ಟೆಗೆ ಬರುವಂತಾಯಿತು. ಆದರೆ ಇಡೀ ಕೌಂಟಿಯೇ ಒಂದು ಕ್ಷೇತ್ರವಾಗಿದ್ದ ಕಡೆ ಬಿಳಿಯರ ಬಹುಮತ ಎಲ್ಲ ಸ್ಥಾನಗಳನ್ನೂ ಬಾಚಿಕೊಳ್ಳುತ್ತಿತ್ತು. ಆ ಕಾಯ್ದೆಯ 1982ರ ತಿದ್ದುಪಡಿ ಮತ್ತು ಸುಪ್ರೀಂ ಕೋರ್ಟಿನ 1986ರ ಥಾರ್ನ್‌ಬರ್ಗ್–ಜಿಂಗಲ್ಸ್ ತೀರ್ಪಿನ ನಂತರ ಇದಕ್ಕೆ ರೂಢಿಯಾದ ಪರಿಹಾರ, ಕಪ್ಪು ಮತದಾರರೇ ಹೆಚ್ಚಿರುವಂತೆ ಕೆಲವು ಕ್ಷೇತ್ರಗಳನ್ನು ವಿಂಗಡಿಸುವುದು.

ಎನ್‌ಎಎಸಿಪಿ ಕಾನೂನು ರಕ್ಷಣಾ ನಿಧಿ ಎಂಬ ನಾಗರಿಕ ಹಕ್ಕುಗಳ ಸಂಸ್ಥೆಯ ವಕೀಲೆಯಾಗಿ ಮತಾಧಿಕಾರದ ಮೊಕದ್ದಮೆಗಳನ್ನು ನಡೆಸಿದ್ದ ಗ್ವಿನೀರ್ ಈ ಪರಿಹಾರದ ಮಿತಿಯನ್ನು ಗುರುತಿಸಿದರು. ಕ್ಷೇತ್ರದಲ್ಲಿ ಗೆದ್ದ ಪ್ರತಿನಿಧಿ ಸಭೆಯಲ್ಲಿ ಒಂಟಿಯಾಗುತ್ತಾರೆ. ಪಕ್ಕದ ಕ್ಷೇತ್ರಗಳ ಬಿಳಿಯ ಪ್ರತಿನಿಧಿಗಳಿಗೆ ಕಪ್ಪು ಮತದಾರರ ಹಂಗೇ ಇರುವುದಿಲ್ಲ. ಮೇಲಾಗಿ, ವಾಸಸ್ಥಳವೇ ಮತದಾರರ ಹಿತಾಸಕ್ತಿಯನ್ನು ನಿರ್ಧರಿಸುತ್ತದೆಂದು ಗೆರೆ ಎಳೆಯುವವರು ಮೊದಲೇ ಊಹಿಸಿರುತ್ತಾರೆ.

ಅವರು ಮುಂದಿಟ್ಟದ್ದು ಸಂಚಿತ ಮತ ಪದ್ಧತಿ. ಏಳು ಸ್ಥಾನಗಳಿದ್ದರೆ ಪ್ರತಿಯೊಬ್ಬರಿಗೂ ಏಳು ಮತ. ಏಳನ್ನೂ ಒಬ್ಬ ಅಭ್ಯರ್ಥಿಗೇ ಹಾಕಬಹುದು, ಹಂಚಲೂಬಹುದು. ಆಗ ಮತದಾರರಲ್ಲಿ ಎಂಟನೇ ಒಂದು ಭಾಗಕ್ಕಿಂತ ತುಸು ಹೆಚ್ಚಿರುವ ಯಾವುದೇ ಗುಂಪು ಒಗ್ಗಟ್ಟಾಗಿದ್ದರೆ ಒಂದು ಸ್ಥಾನ ಅದಕ್ಕೆ ಖಚಿತ. ಯಾರು ಯಾರೊಡನೆ ಸೇರಬೇಕೆಂಬುದನ್ನು ನಕ್ಷೆಯಲ್ಲ, ಮತದಾರರೇ ತೀರ್ಮಾನಿಸುತ್ತಾರೆ. ಅಲಬಾಮಾದ ಚಿಲ್ಟನ್ ಕೌಂಟಿ ಮೊಕದ್ದಮೆಯೊಂದರ ರಾಜಿಯಂತೆ 1988ರಲ್ಲಿ ಇದನ್ನು ಜಾರಿಗೆ ತಂದಿತು. ಏಳು ಸದಸ್ಯರ ಆಯೋಗಕ್ಕೆ ಆ ವರ್ಷವೇ ಕಪ್ಪು ಜನಾಂಗದ ಬಾಬಿ ಏಜೀ ಆರಿಸಿ ಬಂದರು. (ಧಾರವಾಡ, ಬೆಳಗಾವಿ ಸೇರಿದ್ದ ಮುಂಬಯಿ ಪ್ರಾಂತದ ಬಹುಸದಸ್ಯ ಕ್ಷೇತ್ರಗಳಲ್ಲಿ 1937ರಲ್ಲೇ ಈ ಪದ್ಧತಿ ಬಳಕೆಯಲ್ಲಿತ್ತು.)

1993ರ ಏಪ್ರಿಲ್‌ನಲ್ಲಿ ಅಧ್ಯಕ್ಷ ಕ್ಲಿಂಟನ್ ನ್ಯಾಯ ಇಲಾಖೆಯ ನಾಗರಿಕ ಹಕ್ಕುಗಳ ವಿಭಾಗದ ಮುಖ್ಯಸ್ಥರ ಹುದ್ದೆಗೆ ಗ್ವಿನೀರ್ ಹೆಸರನ್ನು ಸೂಚಿಸಿದರು. ವಿರೋಧಿಗಳು ಅವರಿಗೆ ‘ಕೋಟಾ ರಾಣಿ’ ಎಂಬ ಹಣೆಪಟ್ಟಿ ಹಚ್ಚಿದರು. ಜನಾಂಗದ ಲೆಕ್ಕದಲ್ಲಿ ಕ್ಷೇತ್ರ ಕೊರೆಯುವುದಕ್ಕೇ ಪರ್ಯಾಯ ಹುಡುಕಿದವರ ಬಗ್ಗೆ ಇದು ತೀರಾ ಅನ್ಯಾಯದ ಮಾತು. ಸೆನೆಟ್ ಸಮಿತಿಯೆದುರು ಉತ್ತರಿಸುವ ಅವಕಾಶವನ್ನೂ ಕೊಡದೆ ಜೂನ್ 3ರಂದು ಅವರ ಹೆಸರನ್ನು ಹಿಂಪಡೆಯಲಾಯಿತು. ಅದೇ ತಿಂಗಳ 28ರಂದು ಶಾ–ರೀನೋ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ನಾರ್ತ್ ಕ್ಯಾರೊಲಿನಾದಲ್ಲಿ ಹೆದ್ದಾರಿಯುದ್ದಕ್ಕೂ ಸುಮಾರು 160 ಮೈಲಿ ಚಾಚಿಕೊಂಡಿದ್ದ ಕಪ್ಪು ಬಹುಮತದ ಕ್ಷೇತ್ರವನ್ನು ಸಂವಿಧಾನದ ಸಮಾನತೆಯ ವಿಧಿಯಡಿ ಪ್ರಶ್ನಿಸಬಹುದೆಂದಿತು.

ವಿವಾದ ಇಂದಿಗೂ ಗೆರೆಗಳ ಸುತ್ತಲೇ ಇದೆ. ಅಲಬಾಮಾದಿಂದ ಅಮೆರಿಕದ ಪ್ರತಿನಿಧಿ ಸಭೆಗೆ ಏಳು ಸ್ಥಾನಗಳು. ಒಂದರಲ್ಲಷ್ಟೇ ಕಪ್ಪು ಬಹುಮತವಿದ್ದ ನಕ್ಷೆಗೆ ಕೆಳ ನ್ಯಾಯಾಲಯ ನೀಡಿದ್ದ ತಡೆಯನ್ನು 2023ರ ಅಲೆನ್–ಮಿಲಿಗನ್ ತೀರ್ಪು ಎತ್ತಿಹಿಡಿಯಿತು. ರಾಜ್ಯದ ಜನಸಂಖ್ಯೆಯಲ್ಲಿ ಕಪ್ಪು ಜನರ ಪಾಲು ನಾಲ್ಕನೇ ಒಂದಕ್ಕಿಂತ ಹೆಚ್ಚು. ಇಡೀ ರಾಜ್ಯವನ್ನು ಒಂದೇ ಕ್ಷೇತ್ರವೆಂದು ಬಗೆದು ಸಂಚಿತ ಪದ್ಧತಿಯಲ್ಲಿ ಲೆಕ್ಕ ಹಾಕಿದರೆ ಎರಡು ಸ್ಥಾನಗಳು ಅವರ ಕೈಗೆಟುಕುತ್ತವೆ. ಆದರೆ ಪ್ರತಿನಿಧಿ ಸಭೆಗೆ ಏಕಸದಸ್ಯ ಕ್ಷೇತ್ರಗಳನ್ನೇ 1967ರ ಫೆಡರಲ್ ಕಾನೂನು ಕಡ್ಡಾಯ ಮಾಡಿದೆ. ಅದು ಬದಲಾಗುವವರೆಗೆ ಗ್ವಿನೀರ್ ಸೂಚಿಸಿದ ಪದ್ಧತಿಗೆ ಸ್ಥಳೀಯ ಹಾಗೂ ರಾಜ್ಯ ಮಟ್ಟದ ಚುನಾವಣೆಗಳಲ್ಲಿ ಮಾತ್ರ ಎಡೆಯಿದೆ.